ನಡುವೆ ಬರುವ ಮಾತುಗಳು

ಭಕ್ತರೊಬ್ಬರು ಪದವಿ ತರಗತಿಯಲ್ಲಿ ಓದುತ್ತಿರುವ ತಮ್ಮ ಮಗನ ಸಂಗತಿಯೊಂದನ್ನು ಬರೆದು ತಿಳಿಸಿದ್ದಾರೆ. ಇಂಗ್ಲಿಷಿನ ‘ಇಂಟರ್‌ವೀನ್’, ‘ಇಂಟರ್‌ಫಿಯರ್’ ಎಂಬೆರಡು ಕ್ರಿಯಾಪದಗಳಿಗೂ ಆತನು ‘ಹಸ್ತಕ್ಷೇಪ ಮಾಡು’ ಎಂದೇ ಅರ್ಥ ಬರೆದನಂತೆ. ಅಧ್ಯಾಪಕರು ಅಂಕ ಕೊಡಲಿಲ್ಲವಂತೆ. ವೃತ್ತಪತ್ರಿಕೆಗಳೇ ಹಾಗೆ ಬರೆಯುವಾಗ ಹುಡುಗನದೇನು ತಪ್ಪೆಂದು ಅವರ ಪ್ರಶ್ನೆ. ಪತ್ರಿಕೆಗಳ ಪಾಲೇ ಹೆಚ್ಚೆಂದು ನಾನೂ ಒಪ್ಪುತ್ತೇನೆ. ಆದರೆ ಅಧ್ಯಾಪಕರ ನಿರ್ಣಯ ಸರಿಯಾದುದು.

ಈ ಪದಗಳ ಮೊದಲಿಗಿರುವ ‘ಇಂಟರ್’ ಲ್ಯಾಟಿನ್ ಮೂಲದ್ದು. ‘ನಡುವೆ’ ಎಂದು ಅರ್ಥ. ಅಂತರಂಗ, ಅಂತರ್ಯಾಮಿ ಎನ್ನುವಾಗ ನಾವು ಬಳಸುವ ಸಂಸ್ಕೃತದ ‘ಅಂತರ್’ ಇದರ ಸೋದರ ಶಬ್ದ. ನಡುವೆ ಬರುವುದು ‘ಇಂಟರ್‌ವೀನ್’. ಬಂದವನು ಹಿತ ಮಾಡಿದನೋ ಅಹಿತ ಮಾಡಿದನೋ ಎಂಬುದನ್ನು ಆ ಪದ ಹೇಳುವುದಿಲ್ಲ. ಅಣ್ಣತಮ್ಮಂದಿರ ಹೊಲದ ವ್ಯಾಜ್ಯದಲ್ಲಿ ಊರ ಹಿರಿಯರು ಬಂದು ಕುಳಿತರೆ ಅದು ಮಧ್ಯಪ್ರವೇಶ. ‘ಇಂಟರ್‌ಫಿಯರ್’ ಎಂಬುದರ ಹುಟ್ಟು ಬೇರೆ. ಹಳೆಯ ಫ್ರೆಂಚಿನಲ್ಲಿ ಒಬ್ಬರನ್ನೊಬ್ಬರು ಹೊಡೆಯುವುದೆಂಬ ಅರ್ಥದ ಪದದಿಂದ ಅದು ಬಂದಿತು. ನಡೆಯುವ ಕುದುರೆಯ ಒಂದು ಗೊರಸು ಅದರದೇ ಇನ್ನೊಂದು ಕಾಲಿಗೆ ಬಡಿಯುವುದಕ್ಕೂ ಇಂಗ್ಲಿಷರು ಇದೇ ಮಾತನ್ನು ಬಳಸಿದರು. ಸೊಸೆ ಒಲೆಯ ಮುಂದೆ ನಿಂತಿರುವಾಗ ಅತ್ತೆ ಹಿಂದಿನಿಂದ ಬಂದು ಸಾರಿಗೆ ಉಪ್ಪು ಹಾಕಿದರೆ ಅದು ಈ ಜಾತಿಗೆ ಸೇರಿದ್ದು. ಎರಡಕ್ಕೂ ಹಸ್ತಕ್ಷೇಪವೆಂದರೆ ವ್ಯಾಜ್ಯ ಬಿಡಿಸಿದ ಹಿರಿಯರಿಗೆ ಅನ್ಯಾಯವಾಗುತ್ತದೆ.

ಮಾತನ್ನು ನಡುವೆ ಮುರಿಯುವುದು ‘ಇಂಟರಪ್ಟ್’. ಬಾಯಿ ಹಾಕುವುದೆಂದರೆ ಮಕ್ಕಳಿಗೂ ತಿಳಿಯುತ್ತದೆ. ಒಬ್ಬರ ಪರವಾಗಿ ಇನ್ನೊಬ್ಬರಲ್ಲಿ ಬೇಡಿಕೊಳ್ಳುವುದು ‘ಇಂಟರ್‌ಸೀಡ್’. ಕ್ರೈಸ್ತರ ಪ್ರಾರ್ಥನೆಯಲ್ಲಿ ಇದಕ್ಕೆ ದೊಡ್ಡ ಸ್ಥಾನವಿದೆ. ಕನ್ನಡದಲ್ಲಿ ಹತ್ತಿರದ ಪದ ‘ಶಿಫಾರಸು’. ಅದಕ್ಕೆ ಕಚೇರಿಯ ವಾಸನೆ. ಇಷ್ಟಲಿಂಗವನ್ನು ಕರಸ್ಥಲದಲ್ಲಿಯೇ ಪಡೆದವರಿಗೆ ಪೂಜೆಯ ನಡುವೆ ನಿಲ್ಲುವ ಮೂರನೆಯವನು ಬೇಕಾಗಲಿಲ್ಲವೆಂಬುದನ್ನೂ ಇಲ್ಲಿ ನೆನೆಯಬಹುದು.

ನನ್ನನ್ನು ಹೆಚ್ಚು ಕಾಡಿದ ಪದ ‘ಇಂಟರ್‌ಪೊಲೇಟ್’. ಲ್ಯಾಟಿನ್ನಿನಲ್ಲಿ ಹಳೆಯದನ್ನು ತಿಕ್ಕಿ ಹೊಸದಾಗಿ ಕಾಣಿಸುವುದೆಂದು ಅದರ ಅರ್ಥ. ಇಂದು, ಪರರ ಗ್ರಂಥದೊಳಗೆ ತನ್ನ ಮಾತನ್ನು ಸೇರಿಸುವುದು. ನಮ್ಮ ಪಂಡಿತರು ಇದನ್ನು ಪ್ರಕ್ಷೇಪವೆನ್ನುತ್ತಾರೆ. ಹೀಗೆಂದ ಮಾತ್ರಕ್ಕೆ ನಡುವೆ ಸೇರಿದುದೆಲ್ಲವೂ ಪ್ರಕ್ಷೇಪವಲ್ಲ. ಗೂಳೂರು ಸಿದ್ಧವೀರಣ್ಣೊಡೆಯರೂ ಅವರಿಗಿಂತ ಹಿಂದಿನ ಸಂಕಲನಕಾರರೂ ಹನ್ನೆರಡನೆಯ ಶತಮಾನದ ವಚನಗಳನ್ನು ಶೂನ್ಯಸಂಪಾದನೆಯಲ್ಲಿ ಸಂವಾದವಾಗಿ ಜೋಡಿಸಿದಾಗ ನಡುನಡುವೆ ತಮ್ಮ ಗದ್ಯವನ್ನು ಇಟ್ಟರು. ಆ ಗದ್ಯ ಬೇರೆ, ವಚನ ಬೇರೆ ಎಂದು ಓದುಗನಿಗೆ ಕಾಣುತ್ತದೆ. ಕಾಣದಂತೆ ಸೇರುವುದೇ ಕಷ್ಟ. ಓದುಗನೊಬ್ಬನು ಓಲೆಯ ಅಂಚಿನಲ್ಲಿ ಗೀಚಿದ ಟಿಪ್ಪಣಿಯನ್ನು ಮುಂದಿನ ಲಿಪಿಕಾರನು ಮೂಲವೆಂದು ಬಗೆದು ಒಳಗೆ ಬರೆದುಬಿಡುತ್ತಾನೆ, ಅವನಲ್ಲಿ ದುರುದ್ದೇಶವಿರುವುದಿಲ್ಲ. ಫ. ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತರುವ ಮುನ್ನ ಮನೆಮನೆಯ ಓಲೆಕಟ್ಟುಗಳನ್ನು ಅರಸಿದರು. 1993ರಲ್ಲಿ ರಾಜ್ಯ ಸರ್ಕಾರ ಸಮಗ್ರ ವಚನ ಸಂಪುಟಗಳನ್ನು ಪ್ರಕಟಿಸಿದಾಗಲೂ ಸಂಪಾದಕರ ಮುಂದಿದ್ದುದು ಇದೇ ತೊಡಕು, ಯಾವುದು ಶರಣರದು, ಯಾವುದು ನಡುವೆ ಬಂದುದು ಎಂಬುದು.

ಮಠದಲ್ಲಿ ಓದುತ್ತಿದ್ದ ಕಾಲಕ್ಕೆ ನಾನೂ ಈ ಅಪರಾಧ ಮಾಡಿದ್ದೇನೆ. ಗುರುಗಳು ಓಲೆಯೊಂದನ್ನು ಕೊಟ್ಟು ಕಾಗದಕ್ಕೆ ಇಳಿಸಲು ಹೇಳಿದ್ದರು. ಒಂದೆಡೆ ಹುಳು ತಿಂದು ಒಂದು ಪದ ಹೋಗಿತ್ತು. ಮಾತಿನ ನಡೆಯನ್ನು ನೋಡಿ, ಇದೇ ಇದ್ದಿರಬೇಕೆಂದು ಒಂದು ಪದವನ್ನು ತುಂಬಿದೆ. ಚೆನ್ನಾಗಿಯೇ ಕೂಡಿತು, ಒಳಗೊಳಗೆ ಹಿಗ್ಗಿದೆ. ಸಂಜೆ ಗುರುಗಳು ಓಲೆಯನ್ನೂ ಕಾಗದವನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದುತ್ತ ಅಲ್ಲಿಗೆ ಬಂದು ಬೆರಳಿಟ್ಟರು.

“ಇಲ್ಲಿ ನೀನು ಬಂದು ಕೂತೀಯಲ್ಲೋ, ತಮ್ಮಾ” ಎಂದರು.

ಬೈಯಲಿಲ್ಲ. ಆ ಹಾಳೆಯನ್ನು ಮತ್ತೆ ಬರೆಯಿಸಿದರು. ಹುಳು ತಿಂದಷ್ಟು ಜಾಗಕ್ಕೆ ಚುಕ್ಕೆಗಳನ್ನು ಇಡಿಸಿದರು. ಹಲವು ವರ್ಷಗಳ ತರುವಾಯ ಅದೇ ವಚನದ ಇನ್ನೊಂದು ಪ್ರತಿ ಭಕ್ತರ ಮನೆಯೊಂದರಲ್ಲಿ ದೊರೆಯಿತು. ಮೊದಲು ತೆಗೆದು ನೋಡಿದ್ದು ಆ ಸಾಲನ್ನೇ. ಅಲ್ಲಿದ್ದ ಪದ ಬೇರೆ. ನಾನು ತುಂಬಿದ್ದಕ್ಕೆ ಬಹುಮಟ್ಟಿಗೆ ವಿರುದ್ಧವಾದ ಅರ್ಥದ್ದು.