ಹಣೆಪಟ್ಟಿ ಅಂಟಿಸುವ ಮೊದಲು

– ದ್ವಿತೀಯ ಪಿಯುಸಿ, ಕಲಾ ವಿಭಾಗದ ವಿದ್ಯಾರ್ಥಿನಿ

ಒಂದು ಶನಿವಾರ ಮಧ್ಯಾಹ್ನ ನಮ್ಮ ಕನ್ನಡ ಉಪನ್ಯಾಸಕರು ಸೆಮಿನಾರ್ ಹಾಲ್‌ನಲ್ಲಿ ‘ಗುಲಾಬಿ ಟಾಕೀಸ್’ ಸಿನಿಮಾ ತೋರಿಸಿದರು. ಪರದೆಯ ಮೇಲೆ ಉಮಾಶ್ರೀ ಎಂಬ ಹೆಸರು ಮೂಡಿದಾಗ ಹಿಂದಿನ ಸಾಲಿನಿಂದ ಯಾರೋ, “ಓ, ಕಾಮಿಡಿ ಪಿಕ್ಚರಾ?” ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಸಿನಿಮಾ ಮುಗಿದು ಲೈಟ್ ಹಾಕಿದಾಗ ಯಾರೂ ನಗುತ್ತಿರಲಿಲ್ಲ. ನನ್ನ ಪಕ್ಕದಲ್ಲಿ ಕುಳಿತವಳು ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಮನೆಗೆ ಹೋಗಿ ಉಮ್ಮನಿಗೆ ಮೊಬೈಲ್‌ನಲ್ಲಿ ಆ ಸಿನಿಮಾದ ಒಂದು ಫೋಟೊ ತೋರಿಸಿದೆ. “ಇದು ನಮ್ಮ ಪುಟ್ಟಕ್ಕ ಅಲ್ವಾ?” ಎಂದರು ಉಮ್ಮ. ರಾತ್ರಿ ಅಡುಗೆ ಮುಗಿಸಿ ಅವರು ತಪ್ಪದೆ ನೋಡುತ್ತಿದ್ದ ಧಾರಾವಾಹಿ ‘ಪುಟ್ಟಕ್ಕನ ಮಕ್ಕಳು’. ಹಿಂದಿನ ಬೆಂಚಿನ ಹುಡುಗನಿಗೆ ಈಕೆ ಕಾಮಿಡಿ ನಟಿ, ನಮ್ಮ ಉಮ್ಮನಿಗೆ ಮೆಸ್ ನಡೆಸಿ ಹೆಣ್ಣುಮಕ್ಕಳನ್ನು ಸಾಕಿದ ಪುಟ್ಟಕ್ಕ. ಇಬ್ಬರೂ ಹೇಳಿದ್ದು ಸುಳ್ಳಲ್ಲ, ಆದರೆ ಇಬ್ಬರಿಗೂ ಗೊತ್ತಿದ್ದದ್ದು ಒಂದೊಂದು ತುಂಡು ಮಾತ್ರ. ಉಳಿದದ್ದನ್ನು ತಿಳಿಯಬೇಕೆಂದು ನಾನು ಓದತೊಡಗಿದೆ. ಓದುತ್ತಾ ಹೋದಂತೆ ನಮ್ಮ ಕಾಲೇಜಿನ ಬಗ್ಗೆಯೂ, ನನ್ನ ಬಗ್ಗೆಯೂ ಒಂದು ಮಾತು ಹೇಳಬೇಕು ಅನಿಸಿತು. ಅದಕ್ಕೇ ಈ ಬರಹ.

ಮೊದಲೇ ಒಂದು ಮಾತು. “ಸಿನಿಮಾ ನಟಿಯ ಬಗ್ಗೆ ನಮ್ಮ ಕಾಲೇಜಿನ ಪತ್ರಿಕೆಯಲ್ಲಿ ಬರೆಯಬೇಕಾ?” ಎಂದು ಗೆಳತಿಯೊಬ್ಬಳು ಕೇಳಿದಳು. ನ್ಯಾಯವಾದ ಪ್ರಶ್ನೆಯೇ. ಎಲ್ಲರೂ ಸಿನಿಮಾಕ್ಕೆ ಹೋಗಿ ಎಂದು ನಾನು ಹೇಳುತ್ತಿಲ್ಲ. ಒಬ್ಬರ ಮೇಲೆ ನಾವು ಅಂಟಿಸುವ ಹಣೆಪಟ್ಟಿ ಎಷ್ಟು ವರ್ಷ ಅಂಟಿಕೊಂಡಿರುತ್ತದೆ ಎಂಬುದಕ್ಕೆ ಉಮಾಶ್ರೀ ಅವರ ವೃತ್ತಿಜೀವನದಷ್ಟು ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ, ಅಷ್ಟೇ.

ಉಮಾಶ್ರೀ ಅವರು ಹುಟ್ಟಿದ್ದು 1957ರಲ್ಲಿ, ತುಮಕೂರು ಜಿಲ್ಲೆಯ ನೊಣವಿನಕೆರೆಯಲ್ಲಿ. ಸಿನಿಮಾದಲ್ಲಿ ಜನ ಅವರನ್ನು ಗುರುತಿಸಿದ್ದು 1984ರ ‘ಅನುಭವ’ದಿಂದ. ಕಾಶಿನಾಥ್ ನಿರ್ದೇಶಿಸಿ ನಟಿಸಿದ ಆ ಚಿತ್ರ ದೊಡ್ಡ ಹೆಸರು ಮಾಡಿತು. ಉಮಾಶ್ರೀ ಅವರಿಗೂ ಹೆಸರು ಬಂತು, ಜೊತೆಗೆ ಹಣೆಪಟ್ಟಿಯೂ ಬಂತು. ಅಲ್ಲಿಂದ ಮುಂದೆ ಹಲವು ವರ್ಷ ಅವರಿಗೆ ಸಿಕ್ಕಿದ್ದರಲ್ಲಿ ಹೆಚ್ಚಿನವು ನಗಿಸುವ ಪಾತ್ರಗಳು, ಅದರಲ್ಲೂ ಎರಡರ್ಥದ ಮಾತುಗಳಿರುವ ಪಾತ್ರಗಳು. ಎನ್.ಎಸ್. ರಾವ್ ಅವರಂಥ ಹಾಸ್ಯನಟರ ಜೋಡಿಯಾಗಿ ಅವರು ಎಷ್ಟೋ ಚಿತ್ರಗಳಲ್ಲಿ ಬಂದು ಹೋದರು. ಕಥೆ ನಾಯಕ ನಾಯಕಿಯರದು, ನಡುವೆ ಪ್ರೇಕ್ಷಕರು ನಗಬೇಕಾದಾಗ ಉಮಾಶ್ರೀ.

ಆದರೆ ಸಿನಿಮಾದವರು ಹೀಗೆ ಕಂಡ ಇದೇ ಕಲಾವಿದೆಯನ್ನು ನಾಟಕ ನೋಡುವವರು ಬೇರೆಯೇ ರೀತಿಯಲ್ಲಿ ಕಂಡಿದ್ದಾರೆ. ದೇವನೂರ ಮಹಾದೇವ ಅವರ ‘ಒಡಲಾಳ’ ರಂಗಕ್ಕೆ ಬಂದಾಗ ಅದರಲ್ಲಿ ಸಾಕವ್ವನ ಪಾತ್ರ ಮಾಡಿದವರು ಉಮಾಶ್ರೀ. ಕಳೆದುಹೋದ ಹುಂಜವನ್ನು ಹುಡುಕುವ, ಬಡತನದ ಮನೆಯನ್ನು ಹಿಡಿದು ನಿಲ್ಲಿಸಿದ ಮುದುಕಿ ಆಕೆ. ಹಿರಿಯ ರಂಗಪ್ರೇಮಿಗಳು ಉಮಾಶ್ರೀ ಹೆಸರು ಹೇಳಿದರೆ ಇಂದಿಗೂ ಮೊದಲು ಸಾಕವ್ವನನ್ನು ನೆನೆಯುತ್ತಾರೆ. ಅಂದರೆ ಸಾಮರ್ಥ್ಯ ಇರಲಿಲ್ಲ ಎಂದಲ್ಲ. ಸಾಮರ್ಥ್ಯ ಇತ್ತು, ನೋಡಬೇಕಾದವರು ಬೇರೆ ಕಡೆ ನೋಡುತ್ತಿದ್ದರು.

1995ರಲ್ಲಿ ರವಿಚಂದ್ರನ್ ಅವರ ‘ಪುಟ್ನಂಜ’ ಬಂತು. ಅದರಲ್ಲಿ ಉಮಾಶ್ರೀ ಅವರದು ಅಜ್ಜಿ ಪುಟ್ಮಲ್ಲಿಯ ಪಾತ್ರ. ಬೆನ್ನು ಬಗ್ಗಿಸಿ, ಗದರುತ್ತಾ, ಮುದ್ದು ಮಾಡುತ್ತಾ ಇಡೀ ಚಿತ್ರವನ್ನು ಆ ಅಜ್ಜಿ ಆಳುತ್ತಾಳೆ. ಆಗ ಅವರಿಗೆ ಇನ್ನೂ 38 ವರ್ಷ. ನಾಯಕ ರವಿಚಂದ್ರನ್ ಅವರಿಗಿಂತ ಅವರು ದೊಡ್ಡವರು, ಕೇವಲ ನಾಲ್ಕು ವರ್ಷ! ನಾಯಕ ಆ ವಯಸ್ಸಿನಲ್ಲೂ ಹಾಡಿ ಕುಣಿಯುವ ಯುವಕ, ಆಕೆ ಮಾತ್ರ ಅಜ್ಜಿ. ಇದನ್ನು ಓದಿದಾಗ ನನಗೆ ನಗುವೂ ಬಂತು, ಸ್ವಲ್ಪ ಸಿಟ್ಟೂ ಬಂತು. ಆದರೆ ಇಂದಿಗೂ ಟಿವಿಯಲ್ಲಿ ‘ಪುಟ್ನಂಜ’ ಬಂದರೆ ನಮ್ಮ ಮನೆಯಲ್ಲಿ ಎಲ್ಲರೂ ಕಾಯುವುದು ಪುಟ್ಮಲ್ಲಿಯ ದೃಶ್ಯಕ್ಕೇ.

ಇನ್ನು ‘ಗುಲಾಬಿ ಟಾಕೀಸ್’. ವೈದೇಹಿಯವರ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು ನಿರ್ದೇಶಿಸಿದ ಚಿತ್ರ ಇದು. ಕಥೆ ನಡೆಯುವುದು ಕುಂದಾಪುರದ ಕಡೆಯ ಮೀನುಗಾರರ ಊರಿನಲ್ಲಿ, ಕಾರ್ಗಿಲ್ ಯುದ್ಧದ ಹೊತ್ತಿನಲ್ಲಿ. ಹೆಸರು ಗುಲ್ನಬಿ, ಊರವರ ಬಾಯಲ್ಲಿ ಗುಲಾಬಿ. ಗಂಡ ಮೂಸಾ ಅವಳನ್ನು ಬಿಟ್ಟು ಇನ್ನೊಂದು ಸಂಸಾರ ಮಾಡಿಕೊಂಡಿದ್ದಾನೆ. ಅವಳು ಊರಿನ ಸೂಲಗಿತ್ತಿ, ಜೊತೆಗೆ ಸಿನಿಮಾ ಹುಚ್ಚಿನವಳು. ಒಂದು ಹೆರಿಗೆಗೆ ಹೋದದ್ದಕ್ಕೆ ಉಳ್ಳವರ ಮನೆಯಿಂದ ಅವಳಿಗೆ ಬಣ್ಣದ ಟಿವಿ, ಡಿಶ್ ಆಂಟೆನಾ ಸಿಗುತ್ತದೆ. ಆಮೇಲೆ ಅವಳ ಮನೆಗೆ ಸುತ್ತಲಿನ ಹೆಂಗಸರು, ಮಕ್ಕಳು ಬರತೊಡಗುತ್ತಾರೆ. ಒಂಟಿಯಾಗಿದ್ದವಳ ಮನೆ ತುಂಬುತ್ತದೆ. ಆದರೆ ಊರಿನಲ್ಲಿ ಗಾಳಿ ಬದಲಾಗುತ್ತದೆ. ಮೀನಿನ ವ್ಯಾಪಾರದ ಜಗಳ ಜಾತಿ ಧರ್ಮದ ಜಗಳವಾಗುತ್ತದೆ. ಎಲ್ಲರ ಮನೆಯ ಮಕ್ಕಳನ್ನು ಕೈಯಲ್ಲಿ ಹಿಡಿದು ಈ ಲೋಕಕ್ಕೆ ತಂದವಳು ಕಡೆಗೆ ಅದೇ ಊರು ಬಿಡಬೇಕಾಗುತ್ತದೆ.

ಗುಲಾಬಿಗೆ ಈ ಚಿತ್ರದಲ್ಲಿ ದೊಡ್ಡ ಭಾಷಣಗಳಿಲ್ಲ. ಟಿವಿಯ ಮುಂದೆ ಕುಳಿತಾಗ ಅವಳ ಮುಖ ಮಗುವಿನಂತೆ ಅರಳುವುದನ್ನು ನೋಡಿ. ಆ ಅರಳುವಿಕೆ ಎಲ್ಲಿಂದ ಬಂತು? ಇಷ್ಟು ವರ್ಷ ಹಾಸ್ಯ ಪಾತ್ರ ಮಾಡಿದ್ದರಿಂದಲೇ ಬಂತು ಎಂದು ನನ್ನ ಅನಿಸಿಕೆ. ಯಾವ ಮಾತಿಗೆ ಎಷ್ಟು ಹೊತ್ತು ಕಾಯಬೇಕು, ಮುಖವನ್ನು ಯಾವಾಗ ತಿರುಗಿಸಬೇಕು ಎಂಬುದು ನಗಿಸುವವರಿಗೆ ಗೊತ್ತಿರಲೇಬೇಕು. ಒಂದು ಕ್ಷಣ ತಪ್ಪಿದರೆ ಯಾರೂ ನಗುವುದಿಲ್ಲ. ಆ ಕಲಿಕೆ ವ್ಯರ್ಥವಾಗಲಿಲ್ಲ. ನಾವು ಕೀಳೆಂದು ತಿಳಿದ ಕೆಲಸದಲ್ಲಿ ಅವರು ಕಲಿತದ್ದನ್ನೇ ನಾವು ಮೇಲೆಂದು ಹೊಗಳಿದ ಕೆಲಸದಲ್ಲಿ ಬಳಸಿದರು.

ಈ ಪಾತ್ರಕ್ಕೆ ಅವರಿಗೆ 2007ನೇ ಸಾಲಿನ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಬಂತು. ಘೋಷಣೆಯಾದದ್ದು 2009ರಲ್ಲಿ. ‘ಅನುಭವ’ದಿಂದ ಲೆಕ್ಕ ಹಾಕಿದರೆ ಸರಿಯಾಗಿ 25 ವರ್ಷ. ಅದಕ್ಕೂ ಕೆಲವೇ ವರ್ಷ ಮೊದಲು, 2004ನೇ ಸಾಲಿನಲ್ಲಿ, ಇದೇ ಪ್ರಶಸ್ತಿ ತಾರಾ ಅವರಿಗೆ ಕಾಸರವಳ್ಳಿಯವರದೇ ‘ಹಸೀನಾ’ ಚಿತ್ರಕ್ಕಾಗಿ ಬಂದಿತ್ತು. ಅದು ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕಥೆಯಿಂದ ಬಂದ ಚಿತ್ರ. ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಾವೆಲ್ಲ ಸ್ಟೇಟಸ್ ಹಾಕಿದ್ದೆವು. ಈ ಎರಡು ರಾಷ್ಟ್ರಪ್ರಶಸ್ತಿಗಳೂ ಬಂದದ್ದು ಕರ್ನಾಟಕದ ಸಾಮಾನ್ಯ ಮುಸ್ಲಿಂ ಹೆಂಗಸಿನ ಪಾತ್ರಗಳಿಗೆ. ನಮ್ಮ ನೆರೆಮನೆಯಲ್ಲಿ ಇರಬಹುದಾದ ಹೆಂಗಸರು ಅವರು. ನಾವು ದಿನಾ ನೋಡಿಯೂ ನೋಡದೆ ಹೋಗುವವರು.

ಪ್ರಶಸ್ತಿಯ ನಂತರ ಅವರು ಅಲ್ಲಿಗೇ ನಿಲ್ಲಲಿಲ್ಲ. 2013ರಲ್ಲಿ ತೇರದಾಳ ಕ್ಷೇತ್ರದಿಂದ ಗೆದ್ದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ, ಕನ್ನಡ ಮತ್ತು ಸಂಸ್ಕೃತಿ ಖಾತೆಗಳ ಸಚಿವೆಯಾದರು. 2018ರಲ್ಲಿ ಸೋತರು. ಸೋತ ಮೇಲೆ ಮತ್ತೆ ಬಣ್ಣ ಹಚ್ಚಿದರು, ಧಾರಾವಾಹಿಯಲ್ಲಿ ಪುಟ್ಟಕ್ಕನಾದರು. 2023ರಲ್ಲಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. 2025ರ ಜನವರಿಯಲ್ಲಿ ಹೊನ್ನಾವರದಲ್ಲಿ ಪೆರ್ಡೂರು ಮೇಳದ ಯಕ್ಷಗಾನದಲ್ಲಿ ಮಂಥರೆಯ ವೇಷ ಹಾಕಿದರು. ಆಗ ವಯಸ್ಸು 67. ಮಾಜಿ ಸಚಿವೆ, ರಾಷ್ಟ್ರಪ್ರಶಸ್ತಿ ಪಡೆದವರು, ಹೊಸ ವಿದ್ಯಾರ್ಥಿಯಂತೆ ಚೆಂಡೆಯ ಮುಂದೆ ಬಂದು ನಿಂತರು. ಅವರ ರಾಜಕೀಯವನ್ನು ಒಪ್ಪುವುದು ಬಿಡುವುದು ಬೇರೆ ವಿಷಯ. ಆದರೆ ಈ ಧೈರ್ಯವನ್ನು ಒಪ್ಪದಿರಲು ಆಗುವುದಿಲ್ಲ.

ಈಗ ನಮ್ಮ ವಿಷಯಕ್ಕೆ ಬರುತ್ತೇನೆ.

ಎಸ್ಸೆಸ್ಸೆಲ್ಸಿಯಲ್ಲಿ ನನಗೆ ಬಂದದ್ದು ಶೇಕಡಾ 61. ಇತಿಹಾಸ ನನಗೆ ನಿಜವಾಗಿಯೂ ಇಷ್ಟ. ಹಾಗಾಗಿ ಕಲಾ ವಿಭಾಗ ಸೇರಿದೆ. ಮದುವೆ ಮನೆಗಳಲ್ಲಿ “ಯಾವ ಕೋರ್ಸ್ ಮೋಳೆ?” ಎಂದು ಕೇಳುತ್ತಾರೆ. “ಆರ್ಟ್ಸ್” ಎಂದರೆ ಒಂದು ಕ್ಷಣ ಸುಮ್ಮನಾಗಿ, “ಪರವಾಗಿಲ್ಲ ಬಿಡು” ಎನ್ನುತ್ತಾರೆ. ನಾನು ಯಾರ ಬಳಿಯೂ ಕ್ಷಮೆ ಕೇಳಿರಲಿಲ್ಲ, ಆದರೂ ಅವರು ಕ್ಷಮಿಸಿಬಿಡುತ್ತಾರೆ! ಆ “ಪರವಾಗಿಲ್ಲ” ಎಂಬ ಮಾತು ಬೈಗುಳಕ್ಕಿಂತ ಹೆಚ್ಚು ನೋಯಿಸುತ್ತದೆ.

ಇಷ್ಟು ನೋವು ತಿಂದ ನಾನೇ ಇನ್ನೊಬ್ಬಳಿಗೆ ಅದನ್ನೇ ಮಾಡಿದೆ. ನಮ್ಮ ತರಗತಿಯಲ್ಲಿ ಒಬ್ಬಳಿದ್ದಾಳೆ. ಹತ್ತನೇ ತರಗತಿಯಲ್ಲಿ ಮೊದಲ ಎರಡು ಪರೀಕ್ಷೆಗಳಲ್ಲಿ ಗಣಿತ ಹೋಗಿ, ಪರೀಕ್ಷೆ-3ರಲ್ಲಿ ಪಾಸಾಗಿ, ತಡವಾಗಿ ಕಾಲೇಜಿಗೆ ಸೇರಿದವಳು. ಮೊದಲ ವಾರದಲ್ಲೇ ಯಾರೋ ಅವಳಿಗೆ “ಎಕ್ಸಾಮ್ ತ್ರೀ” ಎಂದು ಹೆಸರಿಟ್ಟರು. ನಾವೆಲ್ಲ ಹಾಗೆಯೇ ಕರೆದೆವು. ಅವಳು ನಗುತ್ತಿದ್ದಳು, ಆದ್ದರಿಂದ ಅವಳಿಗೆ ಬೇಸರವಿಲ್ಲ ಎಂದುಕೊಂಡೆವು. ಕಾಲೇಜು ದಿನಾಚರಣೆಯ ಕಿರುನಾಟಕದಲ್ಲಿ ಪಾತ್ರ ಹಂಚಿದ್ದು ನಾನು. ಅವಳಿಗೆ ಕೆಲಸದವಳ ಪಾತ್ರ ಕೊಟ್ಟೆ, ಒಂದೇ ಮಾತು. ಅವಳು ಹೇಗೆ ಓದುತ್ತಾಳೆ ಎಂದು ಒಮ್ಮೆಯೂ ಕೇಳಿಸಿಕೊಳ್ಳಲಿಲ್ಲ. ಆ ಒಂದು ಮಾತಿಗೇ ಸಭಾಂಗಣ ಚಪ್ಪಾಳೆ ತಟ್ಟಿತು. ಆಗಲೂ ನನಗೆ ಅರ್ಥವಾಗಲಿಲ್ಲ.

‘ಗುಲಾಬಿ ಟಾಕೀಸ್’ ನೋಡಿದ ಮಾರನೆಯ ಸೋಮವಾರ ಅವಳ ಬಳಿ ಹೋಗಿ ತಪ್ಪಾಯಿತು ಎಂದೆ. ಅವಳು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, “ನೀನು ಕರೆಯೋದು ನಿಲ್ಲಿಸಿದ್ರೆ ಆಗಲ್ಲ, ಬೇರೆಯವರು ಕರೀವಾಗ ನಗೋದನ್ನೂ ನಿಲ್ಲಿಸು” ಎಂದಳು. ಸೆಮಿನಾರ್ ಹಾಲ್‌ನಲ್ಲಿ ಆ ಹುಡುಗನ ಮಾತಿಗೆ ನಾನು ನಕ್ಕದ್ದು ಆಗ ನೆನಪಾಯಿತು.

ಉಮಾಶ್ರೀ ಅವರ ಕಥೆಯನ್ನು ಸಾಮಾನ್ಯವಾಗಿ ಒಂದೇ ರೀತಿಯಲ್ಲಿ ಹೇಳುತ್ತಾರೆ: ಕಷ್ಟಪಟ್ಟರು, ಗೆದ್ದರು, ನೀವೂ ಕಷ್ಟಪಡಿ. ಇದು ಅರ್ಧ ಸತ್ಯ ಎಂದು ನನ್ನ ಅಭಿಪ್ರಾಯ. ಅವರಷ್ಟೇ ಕಷ್ಟಪಟ್ಟ, ಅವರಂತೆಯೇ ಸಣ್ಣ ಪಾತ್ರಗಳಲ್ಲೇ ವಯಸ್ಸಾದ ಕಲಾವಿದೆಯರು ಎಷ್ಟೋ ಮಂದಿ ಇರಬೇಕು. ಅವರ ಹೆಸರು ನಮಗೆ ಗೊತ್ತಿಲ್ಲ. ಉಮಾಶ್ರೀ ಅವರು ತಮ್ಮ ಪಾಲಿನ ಕೆಲಸ ಮಾಡಿದ್ದರು. ಜೊತೆಗೆ, ಹಾಸ್ಯನಟಿ ಎಂಬ ಹಣೆಪಟ್ಟಿಯನ್ನು ಪಕ್ಕಕ್ಕಿಟ್ಟು ಅವರನ್ನು ನೋಡಿದ ನಿರ್ದೇಶಕರೊಬ್ಬರು ಇದ್ದರು. ಕಷ್ಟಪಡುವುದು ವಿದ್ಯಾರ್ಥಿಯ ಜವಾಬ್ದಾರಿ, ನಿಜ. ಪಾತ್ರ ಕೊಡುವವರ ಜವಾಬ್ದಾರಿಯೂ ಒಂದಿದೆ. ಮನೆಯಲ್ಲಿ ಅದು ಹೆತ್ತವರದು, ಇಲ್ಲಿ ಉಪನ್ಯಾಸಕರದು, ಕಿರುನಾಟಕದ ಮಟ್ಟಿಗೆ ನನ್ನಂಥವರದು.

ಆದ್ದರಿಂದ ಎರಡು ಸಣ್ಣ ಕೋರಿಕೆಗಳು. ಪ್ರಾಂಶುಪಾಲರಲ್ಲಿ ಮತ್ತು ಉಪನ್ಯಾಸಕರಲ್ಲಿ: ವೃತ್ತಿ ಮಾರ್ಗದರ್ಶನ ಕಾರ್ಯಕ್ರಮಕ್ಕೆ ಪ್ರತಿವರ್ಷ ಮೊದಲ ಪ್ರಯತ್ನದಲ್ಲೇ ಗೆದ್ದವರು ಬರುತ್ತಾರೆ. ಅವರೂ ಬರಲಿ. ಒಮ್ಮೆಯಾದರೂ ದಾರಿ ಬದಲಿಸಿದವರನ್ನು, ಸೋತು ಮತ್ತೆ ಶುರು ಮಾಡಿದವರನ್ನೂ ಕರೆಸಿ. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲೇ ಅಂಥವರು ಸಿಗುತ್ತಾರೆ. ಮತ್ತೆ ನಮ್ಮಲ್ಲಿ, ಗೆಳೆಯ ಗೆಳತಿಯರಲ್ಲಿ: ಮುಂದಿನ ಕಾರ್ಯಕ್ರಮಕ್ಕೆ ಪಾತ್ರ ಹಂಚುವಾಗ ಮೊದಲು ಎಲ್ಲರಿಂದಲೂ ಓದಿಸೋಣ. ಅಂಕಪಟ್ಟಿ, ಅಡ್ಡಹೆಸರು ನೋಡಿ ಹಂಚುವುದು ಬೇಡ.

ಈ ಸಲದ ನಾಟಕಕ್ಕೆ ಹೆಸರು ಕೊಡಲು ಆರಂಭವಾಗಿದೆ. ನನ್ನ ಗೆಳತಿ ಹೆಸರು ಕೊಟ್ಟಿದ್ದಾಳೆ. ಯಾವ ಪಾತ್ರ ಬೇಕು ಎಂದು ಕೇಳಿದೆ. “ಮೊದಲು ಓದಿಸಿ ನೋಡು, ಆಮೇಲೆ ಹೇಳು” ಎಂದಳು. ಗುರುವಾರ ಸಂಜೆ ನಾಲ್ಕು ಗಂಟೆಗೆ ಸೆಮಿನಾರ್ ಹಾಲ್‌ನಲ್ಲಿ ಓದಿಸುತ್ತೇವೆ. ನೀವೂ ಬನ್ನಿ.