ಯಾವ ಹಾಜರಿ ಪುಸ್ತಕದಲ್ಲೂ ಇಲ್ಲದವರು

ಊರಿಗೆ ಬಂದಾಗಲೆಲ್ಲ ಒಂದು ಪ್ರಶ್ನೆ ನನಗಾಗಿ ಕಾದೇ ಇರುತ್ತದೆ. ಮದುವೆಮನೆಯ ಊಟದ ಪಂಕ್ತಿಯಲ್ಲೋ, ಬಸ್ ಸ್ಟ್ಯಾಂಡಿನ ಕಟ್ಟೆಯಲ್ಲೋ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಮುಂಬಯಿಯಲ್ಲಿ ಕನ್ನಡ ಶಾಲೆಗಳೆಲ್ಲ ಮುಚ್ಚಿ ಹೋಗ್ತಾ ಇವೆಯಂತಲ್ಲ ಮಾರಾಯ್ರೆ, ಛೆ!" ಆ 'ಛೆ' ಮುಗಿಯುವಷ್ಟರಲ್ಲಿ ಪಾಯಸ ಬರುತ್ತದೆ. ಮಾತು ಅಲ್ಲಿಗೆ ನಿಲ್ಲುತ್ತದೆ.

ನಾನೂ ಇಷ್ಟು ವರ್ಷ ತಲೆಯಾಡಿಸಿ ಸುಮ್ಮನಾಗುತ್ತಿದ್ದೆ. ಈಗ ಸುಮ್ಮನಿರಲು ಆಗುತ್ತಿಲ್ಲ. ಆ ಶಾಲೆಗಳು ಯಾರಿಗಾಗಿ ಇದ್ದವು, ಈಗ ಅವು ಯಾರಿಗೆ ಬೇಕು ಅನ್ನುವುದನ್ನು ನೀವೂ ಕೇಳುತ್ತಿಲ್ಲ, ನಾವೂ ಹೇಳುತ್ತಿಲ್ಲ.

ಮೊದಲು ನನ್ನ ಲೆಕ್ಕ ಒಪ್ಪಿಸಿಬಿಡುತ್ತೇನೆ. 1973ರಲ್ಲಿ ಹದಿಮೂರನೇ ವಯಸ್ಸಿಗೆ ಉಡುಪಿ ಕಡೆಯಿಂದ ಬಂದು ಹೋಟೆಲಿನಲ್ಲಿ ಟೇಬಲ್ ಒರೆಸಲು ನಿಂತವನು ನಾನು. ಸಂಜೆ ಕೆಲಸ ಮುಗಿಸಿ ಕನ್ನಡ ರಾತ್ರಿ ಶಾಲೆಗೆ ಓಡುತ್ತಿದ್ದೆ. ಬೆಂಚಿನಲ್ಲಿ ಕೂತರೆ ಪಕ್ಕದವನ ಅಂಗಿಯಿಂದ ಸಾಂಬಾರಿನ ವಾಸನೆ. ಅವನಿಗೆ ನನ್ನ ಅಂಗಿಯದ್ದೂ ಅದೇ. ಆ ಶಾಲೆ ಇಲ್ಲದಿದ್ದರೆ 1979ರ ಎಸ್ಸೆಸ್ಸಿ ಇಲ್ಲ, ಬಿ.ಕಾಂ. ಇಲ್ಲ, ಬ್ಯಾಂಕಿಲ್ಲ, ಆಮೇಲೆ ಅಂಚೆ ಶಿಕ್ಷಣದಲ್ಲಿ ಮಾಡಿಕೊಂಡ ಎಂ.ಕಾಂ. ಇಲ್ಲ. ಇಷ್ಟೆಲ್ಲ ಉಂಡವನು ಮಗನನ್ನು ಎಲ್ಲಿಗೆ ಕಳಿಸಿದೆ? ಇಂಗ್ಲಿಷ್ ಮೀಡಿಯಂ ಕಾನ್ವೆಂಟಿಗೆ. ನನ್ನ ಜೊತೆಯ ಆಫೀಸರರೂ ಅಲ್ಲಿಗೇ ಕಳಿಸಿದರು, ಹೋಟೆಲಿನ ಧಣಿಗಳೂ ಅಲ್ಲಿಗೇ. ಸಾರ್ವಜನಿಕ ಶಾಲೆಯಿಂದ ಮೊದಲು ಎದ್ದು ಹೋಗುವವರು ಬಾಯಿ ಇದ್ದವರು. ಉಳಿದವರಿಗೆ ಮೇಷ್ಟ್ರು ಬರಲಿಲ್ಲ ಅಂತ ವಾರ್ಡ್ ಆಫೀಸಿಗೆ ಹೋಗಿ ಗಲಾಟೆ ಮಾಡುವ ತ್ರಾಣ ಇರುವುದಿಲ್ಲ.

ಮುಂಬಯಿ ಮಹಾನಗರಪಾಲಿಕೆಯನ್ನೇ ಬೈದು ಕೈ ತೊಳೆದುಕೊಳ್ಳುವುದು ಸುಲಭ. ಆದರೆ ಮರಾಠಿ, ಹಿಂದಿ, ಉರ್ದು, ಗುಜರಾತಿ, ಇಂಗ್ಲಿಷ್, ತಮಿಳು, ತೆಲುಗು, ಕನ್ನಡ, ಹೀಗೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸಿದ ಊರಾಡಳಿತ ಅದು. ಪುಣೆಯ ಬಾಲಭಾರತಿ ಸಂಸ್ಥೆ ಮಹಾರಾಷ್ಟ್ರದ ಕನ್ನಡ ಮಕ್ಕಳಿಗಾಗಿ ಪಠ್ಯಪುಸ್ತಕಗಳನ್ನು ಕನ್ನಡದಲ್ಲೇ ಅಚ್ಚು ಹಾಕುತ್ತ ಬಂದಿದೆ. ಗಡಿ ವಿಷಯ ಬಂದರೆ ಬಸ್ಸಿಗೆ ಮಸಿ ಬಳಿಯುವವರು ಎರಡೂ ಕಡೆ ಇದ್ದಾರೆ. ಈ ಪುಸ್ತಕಗಳ ಸುದ್ದಿ ಅವರಿಗೆ ಗೊತ್ತಿರಲಿಕ್ಕಿಲ್ಲ.

ಈಗ ಆ ಬೆಂಚು ಯಾರಿಗೆ ಬೇಕು ಅಂತ ತಿಳಿಯಬೇಕಾದರೆ ಬೆಳಿಗ್ಗೆ ಏಳೂವರೆಗೆ ನನ್ನ ಜೊತೆ ನಾಕಾಕ್ಕೆ ಬನ್ನಿ. ನಾಕಾ ಅಂದರೆ ದಿನಗೂಲಿಯವರು ಬುತ್ತಿ ಹಿಡಿದು, ಕರೆಯುವವರಿಗಾಗಿ ಕಾಯುತ್ತ ನಿಲ್ಲುವ ಚೌಕ. ಅಲ್ಲಿ ಕಿವಿಗೊಟ್ಟರೆ ನಮ್ಮ ಕರಾವಳಿಯ ಮಾತು ಕೇಳಿಸುವುದಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಸುರಪುರ, ಆಳಂದದ ಮಾತು ಕೇಳಿಸುತ್ತದೆ. ಗುಳೆ ಬಂದವರು. ಗಂಡ ಸೆಂಟ್ರಿಂಗ್ ಕೆಲಸ, ಹೆಂಡತಿ ತಲೆ ಮೇಲೆ ಮಣ್ಣು. ಮಗು ಕಟ್ಟಡದ ಮರಳಿನ ರಾಶಿಯ ಮೇಲೆ.

ನಮ್ಮ ಸೊಸೈಟಿಯ ಹಿಂದೆ ಟವರ್ ಕಟ್ಟುತ್ತಿದ್ದಾಗ ವಿಜಯಪುರ ಜಿಲ್ಲೆಯ ಒಂದು ಸಂಸಾರದ ಪರಿಚಯವಾಯಿತು. ಮಗಳಿಗೆ ಒಂಬತ್ತು ವರ್ಷ. ಊರಲ್ಲಿ ಮೂರನೇ ಕ್ಲಾಸು ಅರ್ಧ ಆಗಿತ್ತು. ನಾನು ಕೊಟ್ಟ ಪೇಪರನ್ನು ಬೆರಳಿಟ್ಟು ಗಟ್ಟಿಯಾಗಿ ಓದಿ ತೋರಿಸಿದಳು. ರಿಟೈರ್ಡ್ ಮನುಷ್ಯ, ಬೇರೆ ಕೆಲಸವೇನು? ಕೈಹಿಡಿದು ಹತ್ತಿರದ ಮುನ್ಸಿಪಲ್ ಶಾಲೆಗೆ ಕರೆದುಕೊಂಡು ಹೋದೆ. ಕನ್ನಡ ವಿಭಾಗ ಈಗ ಇಲ್ಲಿಲ್ಲ, ಹೈವೇ ಆಚೆಯ ಶಾಲೆಗೆ ಸೇರಿಸಿದ್ದೇವೆ ಅಂದರು. ಹೈವೇ ದಾಟಿಸುವವರು ಯಾರು? ಹೋಗಲಿ, ಮರಾಠಿಯಲ್ಲೇ ಕೂರಿಸಿ ಅಂದೆ. ಟೀಸಿ ಎಲ್ಲಿ? ಆನ್‌ಲೈನಿನಲ್ಲಿ ಊರಿನ ಶಾಲೆಯವರು ಹೆಸರು ಬಿಟ್ಟುಕೊಟ್ಟಿದ್ದಾರೆಯೇ? ಊರಿನ ಮೇಷ್ಟ್ರಿಗೆ ಫೋನು ಹಚ್ಚಿದೆ. "ಹೆಸರು ತೆಗೆದ್ರ ನಮ್ಮ ಸಂಖ್ಯೆ ಕಡಿಮಿ ಆಗತೈತ್ರೀ ಸರ, ಒಂದು ಮೇಷ್ಟ್ರ ಹುದ್ದೆ ಹೋಗತೈತಿ. ಅವರು ಹ್ಯಾಂಗೂ ಮಳಿಗಾಲಕ್ಕ ವಾಪಸ್ ಬರತಾರ" ಅಂದರು. ಅವರು ಹೇಳಿದ್ದೂ ಸುಳ್ಳಲ್ಲ. ಅಲ್ಲಿನ ಪುಸ್ತಕದಲ್ಲಿ ಹೆಸರಿದೆ, ಹುಡುಗಿ ಇಲ್ಲ. ಇಲ್ಲಿ ಹುಡುಗಿ ಇದ್ದಾಳೆ, ಹೆಸರಿಲ್ಲ.

ಕಾನೂನು ಏನೆನ್ನುತ್ತದೆ ನೋಡಿ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮಿನ ಪ್ರಕಾರ ಮಗು ರಾಜ್ಯದ ಒಳಗೋ ಹೊರಗೋ ಬೇರೆ ಶಾಲೆಗೆ ಹೋಗಬಹುದು. ಟೀಸಿ ತಡವಾಯಿತೆಂದು ಸೇರಿಸಿಕೊಳ್ಳದೆ ಇರುವಂತಿಲ್ಲ. 9ನೇ ಕಲಮು ಇನ್ನೂ ಸ್ಪಷ್ಟ: ವಲಸೆ ಸಂಸಾರಗಳ ಮಕ್ಕಳನ್ನು ಸೇರಿಸಿಕೊಳ್ಳುವುದು ಸ್ಥಳೀಯ ಆಡಳಿತದ ಕರ್ತವ್ಯ. ಸಂವಿಧಾನದಲ್ಲಿ 350-ಎ ವಿಧಿ 1956ರಿಂದಲೇ ಇದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಬೇಕು ಅನ್ನುತ್ತದೆ. ಕಲಮಿನ ಪ್ರಿಂಟೌಟ್ ಹಿಡಿದು ನಾಲ್ಕು ಸಲ ಅಲೆದ ಮೇಲೆ ಹುಡುಗಿಗೆ ಮರಾಠಿ ಒಂದನೇ ಕ್ಲಾಸಿನಲ್ಲಿ ಜಾಗ ಸಿಕ್ಕಿತು. ವಯಸ್ಸಿಗೆ ತಕ್ಕ ಕ್ಲಾಸಿಗೆ ಸೇರಿಸಬೇಕೆಂದೂ ಅದೇ ಕಾಯ್ದೆಯಲ್ಲಿದೆ ಅಂದೆ. ಹೆಡ್‌ಮಿಸ್ಟ್ರೆಸ್ ನನ್ನನ್ನು ನೋಡಿದ ರೀತಿ ಈಗಲೂ ನೆನಪಿದೆ. ಎಂ.ಕಾಂ. ಓದಿ ಮೂವತ್ತೈದು ವರ್ಷ ಆಡಿಟರುಗಳನ್ನು ಎದುರಿಸಿದವನಿಗೇ ನಾಲ್ಕು ಸಲ ಬೇಕಾಯಿತು. ಒಂದು ದಿನ ಕೆಲಸ ಬಿಟ್ಟರೆ ಒಂದು ದಿನದ ಕೂಲಿ ಹೋಗುವ ತಾಯಿ ಎಷ್ಟು ಸಲ ಅಲೆದಾಳು?

ನಾನು ಬ್ಯಾಂಕಿಗೆ ಸೇರಿದ 1985ರಲ್ಲಿ ಸಾಂಗ್ಲಿಯ ಖಾತೆದಾರ ದಾದರಿನಲ್ಲಿ ತನ್ನ ಹಣ ತೆಗೆಯಲು ಆಗುತ್ತಿರಲಿಲ್ಲ. ಆಮೇಲೆ ಕೋರ್ ಬ್ಯಾಂಕಿಂಗ್ ಬಂತು, ಯಾವ ಬ್ರಾಂಚಾದರೂ ನಡೆಯಿತು. 2020ರಲ್ಲಿ ನಾನು ನಿವೃತ್ತನಾದೆ, ಅದೇ ವರ್ಷ ನನ್ನ ಬ್ಯಾಂಕು ಇನ್ನೊಂದರಲ್ಲಿ ವಿಲೀನವಾಗಿ ಹೆಸರನ್ನೇ ಕಳೆದುಕೊಂಡಿತು. ಗ್ರಾಹಕನ ಒಂದು ರೂಪಾಯಿ ಕಳೆಯಲಿಲ್ಲ. ರೇಷನ್ನಿನ ಮಟ್ಟಿಗೂ ದೇಶ ಇದನ್ನು ಮಾಡಿದೆ. 2022ರ ಹೊತ್ತಿಗೆ ಎಲ್ಲ ರಾಜ್ಯಗಳೂ ಒಂದು ರಾಷ್ಟ್ರ ಒಂದು ಪಡಿತರ ಚೀಟಿಯ ವ್ಯವಸ್ಥೆಗೆ ಸೇರಿದವು. ಸಿಂದಗಿಯ ಕಾರ್ಡಿಗೆ ಮುಂಬಯಿಯಲ್ಲಿ ಅಕ್ಕಿ ಕೊಡಲೇಬೇಕು. ಹಣ ಊರು ದಾಟುತ್ತದೆ, ಅಕ್ಕಿ ದಾಟುತ್ತದೆ. ಮೂರನೇ ಕ್ಲಾಸು ಮಾತ್ರ ದಾಟುವುದಿಲ್ಲ ಅಂದರೆ ಅದು ಕಂಪ್ಯೂಟರಿನ ತೊಡಕು ಅಂತ ನಾನು ನಂಬಲಾರೆ. ಮಗುವಿಗೆ ಡೆಪಾಸಿಟ್ಟೂ ಇಲ್ಲ, ವೋಟೂ ಇಲ್ಲ.

ಒಂದು ಮಾತು ನನ್ನ ವಾದಕ್ಕೇ ಅಡ್ಡ ಬರುತ್ತದೆ, ಮುಚ್ಚಿಡುವುದಿಲ್ಲ. ಗುಳೆ ಬಂದವರಲ್ಲಿ ಬಹಳ ಮಂದಿ ತಾಂಡಾಗಳವರು. ಅವರ ಮನೆಮಾತು ಲಂಬಾಣಿ. "ಅವರಿಗೆ ಕನ್ನಡ ಶಾಲೆ ಯಾಕೆ, ಮರಾಠಿ ಕಲಿತರಾಯಿತು" ಅಂತ ನಮ್ಮ ಸಂಘದ ಸದಸ್ಯರೊಬ್ಬರು ಮುಖಕ್ಕೇ ಹೇಳಿದರು. ಮರಾಠಿ ಕಲಿಯಲಿ, ನಾನೂ ಕಲಿತಿದ್ದೇನೆ, ಅನ್ನ ಕೊಟ್ಟ ಭಾಷೆ. ಆದರೆ ಆ ಹುಡುಗಿಗೆ ಅಕ್ಷರ ಬಂದದ್ದು ಕನ್ನಡದಲ್ಲಿ. ಮಳೆಗಾಲಕ್ಕೆ ಅವಳು ಮರಳುವುದೂ ಕನ್ನಡ ಶಾಲೆಗೇ. ನಡುವಿನ ಏಳು ತಿಂಗಳು ಮತ್ತೊಂದು ಲಿಪಿಯಲ್ಲಿ ಒಂದರಿಂದ ಶುರು ಮಾಡು ಅಂದರೆ ಎರಡು ಕಡೆಯೂ ದಡ್ಡಿ ಅನ್ನಿಸಿಕೊಳ್ಳುವುದು ಅವಳೇ.

2011ರ ಜನಗಣತಿಯಲ್ಲಿ ಮಹಾರಾಷ್ಟ್ರದಲ್ಲಿ ಕನ್ನಡ ಮಾತೃಭಾಷೆ ಅಂದವರು ಸುಮಾರು 10 ಲಕ್ಷ. ಅವರ ಹೆಸರಿನಲ್ಲಿ ಉತ್ಸವಗಳಿಗೆ ಬೆಂಗಳೂರಿನಿಂದ ಅನುದಾನ ಬರುತ್ತದೆ, ಮಂತ್ರಿಗಳು ಬರುತ್ತಾರೆ, ನಮ್ಮಂಥ ಮುದುಕರಿಗೆ ಶಾಲು ಹೊದಿಸುತ್ತಾರೆ. ನನಗೂ ಎರಡು ಸಿಕ್ಕಿವೆ. ಅದೇ ಕರ್ನಾಟಕ 2019-20ರಲ್ಲಿ ತನ್ನದೇ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯಿತು. ತಂದೆ-ತಾಯಂದಿರು ಕೇಳಿದ್ದಕ್ಕೆ ಕೊಟ್ಟಿತು, ಅದಕ್ಕೆ ನಾನು ಬೈಯುವುದಿಲ್ಲ. ಆದರೆ ಮುಂಬಯಿಯ ಕನ್ನಡ ಶಾಲೆಗೆ 'ಛೆ' ಅನ್ನುವಾಗ ಸ್ವಲ್ಪ ಕನ್ನಡಿ ನೋಡಿಕೊಳ್ಳಬೇಕಲ್ಲವೆ?

ಉತ್ಸವದ ದುಡ್ಡಿನಲ್ಲಿ ಅರ್ಧ ತೆಗೆದು ದೀಪಾವಳಿ ಕಳೆದ ಮೇಲೆ ಗುಳೆ ಬಸ್ಸುಗಳ ಜೊತೆ ಮೇಷ್ಟ್ರುಗಳನ್ನೂ ಕಳಿಸಿ. ಕೆಲಸದ ಸೈಟಿನಲ್ಲಿ ಒಂದು ಕೋಣೆ ಕೊಡಿಸುವ ಜವಾಬ್ದಾರಿ ನಮ್ಮದು. ಬಿಲ್ಡರುಗಳಲ್ಲಿ ಎಷ್ಟೋ ಜನ ನಮ್ಮವರೇ. ಮಗುವನ್ನು ಊರಲ್ಲೇ ಬಿಟ್ಟು ಬರುವ ತಾಯಿಗೆ ಹಂಗಾಮಿ ಹಾಸ್ಟೆಲ್ ಇರಲಿ. ಕಬ್ಬು ಕಡಿಯುವವರ ಮಕ್ಕಳಿಗೆ ಮಹಾರಾಷ್ಟ್ರ ಬೀಡ್ ಕಡೆ ಅಂಥವನ್ನು ನಡೆಸಿದೆ. ಊರಿನ ಶಾಲೆಯಲ್ಲಿ ಹೆಸರು ತೆಗೆದರೆ ಮೇಷ್ಟ್ರ ಹುದ್ದೆ ಹೋಗುತ್ತದೆ ಅನ್ನುವ ನಿಯಮವನ್ನಂತೂ ಒಂದು ಸುತ್ತೋಲೆಯಲ್ಲಿ ಬದಲಿಸಬಹುದು. ಸುತ್ತೋಲೆ ಏನು ಮಾಡಬಲ್ಲದು ಅಂತ ಬ್ಯಾಂಕಿನವನಿಗೆ ಗೊತ್ತು.

ಹುಡುಗಿ ಮೂರು ತಿಂಗಳು ಶಾಲೆಗೆ ಹೋದಳು. ಜೂನಿನಲ್ಲಿ ಬಿತ್ತನೆಗೆಂದು ಊರಿಗೆ ಹೋದರು, ಹೇಳಿ ಹೋಗಲಿಕ್ಕೂ ಪುರುಸೊತ್ತಾಗಲಿಲ್ಲ. ಈ ಸಲ ಟೀಸಿ ಇಲ್ಲದೆ ತೊಂದರೆಯಾಗದಿರಲಿ ಅಂತ ನಾನೇ ಹೋಗಿ ಅರ್ಜಿ ಕೊಟ್ಟು ತಂದೆ. ಮರಾಠಿಯಲ್ಲಿದೆ, ಹೆಸರಿನ ಕಾಗುಣಿತ ತಪ್ಪಿದೆ. ಅವರ ಅಪ್ಪನ ನಂಬರು ಬದಲಾಗಿದೆ. ಈಗ ಪುಣೆಯ ಕಡೆ ಯಾವುದೋ ಸೈಟಿನಲ್ಲಿದ್ದಾರೆ ಅಂತ ನಾಕಾದಲ್ಲಿ ಯಾರೋ ಹೇಳಿದರು. ಟೀಸಿ ನನ್ನ ಮೇಜಿನ ಡ್ರಾಯರಿನಲ್ಲಿದೆ.