ಹಿಂಡಿಯ ಹಣ ಗಾಳಿಗೆ

2019ರ ಮೇ 29ರಂದು ನೆದರ್‌ಲ್ಯಾಂಡ್ಸ್‌ನ ಅತ್ಯುನ್ನತ ಆಡಳಿತ ನ್ಯಾಯಾಲಯವು ಸರ್ಕಾರದ ಸಾರಜನಕ ನಿಯಂತ್ರಣ ಯೋಜನೆಯನ್ನು ಅಸಿಂಧುವೆಂದು ಸಾರಿತು. ಮಾಲಿನ್ಯ ಮುಂದೆ ತಗ್ಗುವುದೆಂಬ ಭರವಸೆಯ ಮೇಲೆ ಇಂದೇ ಪರವಾನಗಿ ನೀಡುವುದು ಸಲ್ಲದೆಂಬುದು ತೀರ್ಪಿನ ತಿರುಳು. ಆ ದೇಶದಲ್ಲಿ ಅಮೋನಿಯಾದ ಅತಿ ದೊಡ್ಡ ಮೂಲ ಪಶುಸಂಗೋಪನೆ. ಆದರೆ ತೀರ್ಪಿನಿಂದ ಒಡನೆಯೇ ಅತಂತ್ರವಾದವು ಮನೆ, ರಸ್ತೆಗಳೇ ಮೊದಲಾದ ಸುಮಾರು 18,000 ನಿರ್ಮಾಣ ಯೋಜನೆಗಳು. 2020ರ ಮಾರ್ಚ್‌ನಿಂದ ಹೆದ್ದಾರಿಗಳಲ್ಲಿ ಹಗಲಿನ ವೇಗಮಿತಿಯೂ ಗಂಟೆಗೆ 100 ಕಿ.ಮೀ.ಗೆ ಇಳಿಯಿತು. ಕೊಟ್ಟಿಗೆಯ ಸಾಲವನ್ನು ಗಾರೆಯವನು ತೀರಿಸಬೇಕಾಯಿತು.

ಹಸು ಮೇವಿನಲ್ಲಿ ತಿಂದ ಸಾರಜನಕದ ಸುಮಾರು ಕಾಲುಭಾಗ ಮಾತ್ರ ಹಾಲಿಗೆ ಸೇರುತ್ತದೆ. ಉಳಿದುದರಲ್ಲಿ ಬಹುಪಾಲು ಸಗಣಿ, ಗಂಜಲಗಳಲ್ಲಿ ಹೊರಬೀಳುತ್ತದೆ. ಅಗತ್ಯ ಮೀರಿ ಪ್ರೋಟೀನ್ ತಿನ್ನಿಸಿದರೆ ಹೆಚ್ಚುವುದು ಹಾಲಲ್ಲ, ಗಂಜಲದ ಯೂರಿಯಾ. ಸಗಣಿಯಲ್ಲಿರುವ ಕಿಣ್ವ ತಗುಲಿದೊಡನೆ ಅದು ಅಮೋನಿಯಾ ಆಗತೊಡಗುತ್ತದೆ. ಬೆಳಗಿನ ಜಾವ ಕೊಟ್ಟಿಗೆಯ ಬಾಗಿಲು ತೆರೆದಾಗ ಕಣ್ಣುರಿಸುವ ಘಾಟಿನಲ್ಲಿ ಹಿಂಡಿಗೆ ತೆತ್ತ ಹಣವೂ ಸೇರಿದೆ.

ಗಂಜಲ ಬೇಗ ಹರಿದುಹೋಗುವ ನೆಲ, ಮುಚ್ಚಿದ ಗೊಬ್ಬರದ ತೊಟ್ಟಿ, ದ್ರವಗೊಬ್ಬರವನ್ನು ಮಣ್ಣಿನೊಳಗೇ ಸೇರಿಸುವ ಯಂತ್ರ, ಇವೆಲ್ಲ ಉಪಯುಕ್ತವೇ. ಆದರೆ ಇವು ಹೊರಬಿದ್ದ ಸಾರಜನಕದ ಬೆನ್ನಟ್ಟುವ ಉಪಾಯಗಳು, ದುಬಾರಿಯೂ ಹೌದು. ಬಾನಿಯಲ್ಲೇ ಲೆಕ್ಕ ಸರಿಪಡಿಸುವುದು ಅಗ್ಗ.

ಕರ್ನಾಟಕದ ಪಶು ಆಹಾರ ತಯಾರಕರಿಗೆ ಈ ವಿಷಯ ಸಂಬಂಧಿಸುವುದು ಇಲ್ಲಿಯೇ. ಚೀಲದ ಮೇಲಿನ ಪ್ರೋಟೀನ್ ಶೇಕಡಾವಾರನ್ನೇ ಗುಣಮಟ್ಟವೆಂದು ಮಾರುವ ರೂಢಿ ಬೆಳೆದಿದೆ. ಕೊಳ್ಳುವವನೂ ಅದನ್ನೇ ಕೇಳುತ್ತಾನೆ. ಹಾಗೆಂದು ಪ್ರೋಟೀನನ್ನು ಸಾರಾಸಗಟಾಗಿ ಕಡಿತಗೊಳಿಸುವುದು ಅವಿವೇಕ. ಬರಿಯ ರಾಗಿಹುಲ್ಲು ತಿನ್ನುವ ಹಸುವಿಗೆ ಹಿಂಡಿಯ ಪ್ರೋಟೀನ್ ಬೇಕೇ ಬೇಕು. ಕುದುರೆಮೆಂತೆಯನ್ನು ಹೊಟ್ಟೆತುಂಬ ತಿನ್ನುವ ಹಸುವಿಗೆ ಅದೇ ಚೀಲದ ಅದೇ ಅಳತೆ ಅತಿಯಾದೀತು. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯು 2012ರಲ್ಲಿ ಆರಂಭವಾದ ರಾಷ್ಟ್ರೀಯ ಹೈನು ಯೋಜನೆಯಲ್ಲಿ ಸಮತೋಲನ ಆಹಾರ ಕಾರ್ಯಕ್ರಮವನ್ನು ಸೇರಿಸಿ, ಹಸುವಿನ ಹಾಲಿಗೂ ಮನೆಯ ಮೇವಿಗೂ ತಕ್ಕಂತೆ ಅಳೆದು ಕೊಡುವುದನ್ನು ಹಳ್ಳಿಗಳಲ್ಲಿಯೇ ಕಲಿಸಿತು. ಆ ಅರಿವು ಚೀಲದ ಮೇಲೂ ಮುದ್ರಿತವಾಗಬೇಕು: ಎಷ್ಟು ಲೀಟರ್ ಕರೆಯುವ ಹಸುವಿಗೆ, ಯಾವ ಮೇವಿನೊಡನೆ, ಎಷ್ಟು ಕಿಲೋ.

ಹಾಲಿನಲ್ಲಿನ ಯೂರಿಯಾ ಪ್ರಮಾಣವನ್ನು ಅಳೆದರೆ ಪ್ರೋಟೀನ್ ಹೆಚ್ಚಾಯಿತೋ ಕಡಿಮೆಯಾಯಿತೋ ತಿಳಿಯುತ್ತದೆ. ಮಾದರಿ ಹೇಗೂ ಡೇರಿಗೆ ಬರುತ್ತದೆ. ಪರೀಕ್ಷೆಯ ಖರ್ಚನ್ನು ಆಹಾರ ತಯಾರಕರೂ ಡೇರಿಗಳೂ ಹಂಚಿಕೊಂಡು, ಫಲಿತಾಂಶವನ್ನು ಹಾಲು ಹಾಕುವವನ ಕೈಗೆ ಕೊಡುವ ಏರ್ಪಾಡು ಒಂದೆರಡು ತಾಲೂಕುಗಳಲ್ಲಾದರೂ ಆರಂಭವಾಗಲಿ.